ಸಾಲಿನಲ್ಲಿ ಕಾಯುವ ಇಂಜಿನ್: ಡ್ರ್ಯಾಗ್ ಕಾರಿನ ಕೂಲಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಹಳೆ ಬಲೆನೊ. ಈಗ ರಸ್ತೆಯಲ್ಲಿ ಕಾಣುವ ಹ್ಯಾಚ್‌ಬ್ಯಾಕ್ ಅಲ್ಲ, ಆಗಿನ 1.6 ಲೀಟರ್ ಸೆಡಾನ್. ದಾವಣಗೆರೆ ಪಿ.ಬಿ. ರಸ್ತೆಯಿಂದ ಸ್ವಲ್ಪ ಒಳಗಿರುವ ಶೆಡ್ಡಿನಲ್ಲಿ ನಾಲ್ಕು ಜನ ಸೇರಿ ಇದನ್ನು ಡ್ರ್ಯಾಗ್ ರೇಸಿಗೆ, ಅಂದರೆ ಎರಡೆರಡು ಗಾಡಿ ಜೋಡಿಯಾಗಿ ನೇರ ದಾರಿಯಲ್ಲಿ 402 ಮೀಟರ್ ಓಡುವ ಪಂದ್ಯಕ್ಕೆ, ಸಜ್ಜು ಮಾಡಿದ್ದೇವೆ. ಸಂಜೆ ಶಟರ್ ಎತ್ತಿದರೆ ಸಾಕು, ಯಾರಾದರೂ ಬಂದು ನಿಲ್ಲುತ್ತಾರೆ. ಚಿತ್ರದುರ್ಗ, ಹರಿಹರ, ರಾಣೆಬೆನ್ನೂರು ಕಡೆಯಿಂದಲೂ ಹುಡುಗರು ಬರುತ್ತಾರೆ. ಟರ್ಬೊ, ಕ್ಯಾಮ್, ಟೈರು ಎಲ್ಲದರ ಬಗ್ಗೆಯೂ ಅವರಿಗೆ ಚೆನ್ನಾಗಿ ಗೊತ್ತು. ಕೇಳುವುದು ಮಾತ್ರ ಹೆಚ್ಚಾಗಿ ನೀರಿನ ಬಗ್ಗೆ, ಬಿಸಿಯ ಬಗ್ಗೆ. ಯಾಕೆಂದರೆ ಅವರ ಗಾಡಿ ಕೈಕೊಟ್ಟಿರುವುದು ಅಲ್ಲೇ. ಒಬ್ಬೊಬ್ಬರಿಗೂ ಹೇಳುತ್ತಾ ಬಂದದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

402 ಮೀಟರ್ ಓಡೋಕೆ 15 ಸೆಕೆಂಡ್. ಅಷ್ಟರಲ್ಲಿ ಇಂಜಿನ್ ಎಷ್ಟು ಕಾಯುತ್ತೆ ಅಣ್ಣಾ?

ಓಟದಲ್ಲಿ ಕಾಯುವುದು ಕಡಿಮೆ. ಓಟದ ಸರದಿಗಾಗಿ ಸಾಲಿನಲ್ಲಿ ನಿಂತು ನೀವು ಕಾಯುತ್ತೀರಲ್ಲ, ಇಂಜಿನ್ ಕಾಯುವುದೂ ಅಲ್ಲೇ.

ಒಂದು ಅಂದಾಜು ಲೆಕ್ಕ ಹಾಕೋಣ. ನಮ್ಮ ಕಾರು ಸುಮಾರು 120 ಅಶ್ವಶಕ್ತಿಯದ್ದು. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ನೀರಿಗೆ ಸೇರುವ ಬಿಸಿ 60 ಕಿಲೋವ್ಯಾಟ್ ಎಂದಿಟ್ಟುಕೊಳ್ಳಿ. 15 ಸೆಕೆಂಡಿಗೆ 900 ಕಿಲೋಜೂಲ್ ಆಯಿತು. ಇಂಜಿನ್ನು, ರೇಡಿಯೇಟರು ಸೇರಿ ಒಳಗೆ 5 ಲೀಟರ್ ನೀರಿದೆ. ಅದರ ಸುತ್ತ 80 ಕಿಲೋದಷ್ಟು ಅಲ್ಯುಮಿನಿಯಂ ಇದೆ. ಈ ಎರಡನ್ನೂ ಒಂದು ಡಿಗ್ರಿ ಏರಿಸಲು ಸುಮಾರು 90 ಕಿಲೋಜೂಲ್ ಬೇಕು. ಅಂದರೆ ರೇಡಿಯೇಟರ್ ಏನೂ ಕೆಲಸ ಮಾಡಲಿಲ್ಲ ಎಂದುಕೊಂಡರೂ ಒಂದು ಓಟಕ್ಕೆ ಏರುವುದು 10 ಡಿಗ್ರಿ.

ಈಗ ಸಾಲಿಗೆ ಬನ್ನಿ. ಐಡಲಿಂಗ್‌ನಲ್ಲಿ, ಅಂದರೆ ನಿಂತಲ್ಲೇ ಸ್ಟಾರ್ಟ್ ಇದ್ದಾಗ, ನೀರಿಗೆ ಹೋಗುವ ಬಿಸಿ 3 ಕಿಲೋವ್ಯಾಟ್ ಇದ್ದೀತು. ಕೇಳಲು ಏನೂ ಅಲ್ಲ ಅನಿಸುತ್ತದೆ. ಆದರೆ 15 ನಿಮಿಷ ನಿಂತರೆ ಅದು 2,700 ಕಿಲೋಜೂಲ್. ಓಟದ ಮೂರು ಪಟ್ಟು! ಗಾಡಿ ನಿಂತಿದೆ, ಗಾಳಿ ಇಲ್ಲ. ಮುಂದಿನ ಕಾರಿನ ಹೊಗೆ ನಿಮ್ಮ ಗ್ರಿಲ್ಲಿಗೆ ನೇರ ಹೊಡೆಯುತ್ತಿದೆ. ಕೆಳಗೆ ಕಾದ ಡಾಂಬರು. ಫ್ಯಾನ್ ಸರಿ ಇಲ್ಲದಿದ್ದರೆ 70 ಡಿಗ್ರಿಯಲ್ಲಿದ್ದ ನೀರು 100ರ ಹತ್ತಿರ ಬಂದಿರುತ್ತದೆ. ಇನ್ನೂ ಬರ್ನ್‌ಔಟ್ (ಹಿಡಿತಕ್ಕಾಗಿ ಟೈರನ್ನು ನಿಂತಲ್ಲೇ ತಿರುಗಿಸಿ ಕಾಯಿಸುವುದು) ಆಗಬೇಕು, ಓಟ ಆಗಬೇಕು.

ಲಾರಿಯ ಲೆಕ್ಕವೇ ಬೇರೆ. ಹೈವೇಯಲ್ಲಿ ಲೋಡ್ ಹೊತ್ತು ಗಂಟೆಗಟ್ಟಲೆ ಎಳೆಯುವ ಗಾಡಿಗೆ ದೊಡ್ಡ ರೇಡಿಯೇಟರ್ ಬೇಕು. ನಮಗೆ ಬೇಕಿರುವುದು ನಿಂತ ಗಾಡಿಯನ್ನು ತಂಪಾಗಿ ಇಡುವ ವ್ಯವಸ್ಥೆ. ದುಡ್ಡು ಸುರಿಯುವ ಮುಂಚೆ ಇದನ್ನು ಯೋಚಿಸಿ.

ಟಾಪ್ ಫ್ಯುಯೆಲ್ ಕಾರುಗಳಿಗೆ ರೇಡಿಯೇಟರೇ ಇಲ್ಲವಂತೆ. ನಾವೂ ಕಿತ್ತು ಹಾಕಿದರೆ ತೂಕ ಕಡಿಮೆ ಆಗಲ್ವಾ?

ಇಲ್ಲ ಎನ್ನುವುದು ನಿಜ. ಅವು ಅಮೆರಿಕದ ಡ್ರ್ಯಾಗ್ ರೇಸಿನ ಅತಿ ವೇಗದ ದರ್ಜೆಯ ಕಾರುಗಳು. ಅವುಗಳ ಬ್ಲಾಕ್ ಅನ್ನು ಅಲ್ಯುಮಿನಿಯಂ ಗಟ್ಟಿಯಿಂದ ಕಡೆದು ಮಾಡುತ್ತಾರೆ. ನೀರು ಹರಿಯಲು ಒಳಗೆ ದಾರಿಯೇ ಇರುವುದಿಲ್ಲ. 2008ರಿಂದ ಅವು ಓಡುವುದು 1,000 ಅಡಿ, ಅಂದರೆ 305 ಮೀಟರ್ ಮಾತ್ರ. ಅದೂ 4 ಸೆಕೆಂಡಿನೊಳಗೆ ಮುಗಿಯುತ್ತದೆ. ಕುಡಿಯುವ ನೈಟ್ರೋಮೀಥೇನ್ ಎಷ್ಟೆಂದರೆ, ಒಳಗೆ ಆವಿಯಾಗುವ ಇಂಧನವೇ ಲೋಹದ ಬಿಸಿಯನ್ನು ಹೀರುತ್ತದೆ. ಪ್ರತಿ ಓಟದ ನಂತರ ಇಂಜಿನ್ ಬಿಚ್ಚಿ ಹೊಸ ಭಾಗ ಹಾಕುತ್ತಾರೆ.

ನಮ್ಮ ಇಂಜಿನ್ ಅಂಥದ್ದಲ್ಲ. ಪೆಟ್ರೋಲಿನಲ್ಲಿ ಓಡುತ್ತದೆ, ಬ್ಲಾಕಿನೊಳಗೆ ನೀರಿನ ದಾರಿ ಇದೆ, ಆ ನೀರನ್ನೇ ನಂಬಿಕೊಂಡಿದೆ. ಪಿಟ್‌ನಿಂದ (ಓಟಗಳ ನಡುವೆ ಗಾಡಿ ನಿಲ್ಲಿಸುವ ಜಾಗ) ಸಾಲಿಗೆ ಹೋಗಬೇಕು, ವಾಪಸ್ ಬರಬೇಕು. ರೇಡಿಯೇಟರ್ ಇರಲಿ. ತೂಕ ಇಳಿಸಬೇಕಾದರೆ ಹಿಂದಿನ ಸೀಟು ತೆಗೆಯಿರಿ.

ಹಾಗಾದರೆ ಸ್ಟಾರ್ಟ್ ಲೈನಿಗೆ ಬಂದಾಗ ಮೀಟರ್ ಎಷ್ಟು ತೋರಿಸಬೇಕು?

ನಮ್ಮ ಕಾರಿಗೆ ನೀರು 65ರಿಂದ 75 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದಾಗ ಓಟದ ಟೈಮ್ ಚೆನ್ನಾಗಿ ಬಂದಿದೆ. ಇಂಜಿನ್ನಿನ ಮೇಲ್ಭಾಗವಾದ ಹೆಡ್ಡು ತಂಪಾಗಿದ್ದರೆ ಒಳಗೆ ಬರುವ ಗಾಳಿ ಕಡಿಮೆ ಹಿಗ್ಗುತ್ತದೆ. ಗಾಳಿ ದಟ್ಟವಾಗಿದ್ದಷ್ಟೂ ಶಕ್ತಿ ಜಾಸ್ತಿ. ನಾಕಿಂಗ್, ಅಂದರೆ ಪೆಟ್ರೋಲ್ ತಾನಾಗಿ ಹೊತ್ತಿ ಇಂಜಿನ್ ಬಡಿದುಕೊಳ್ಳುವ ಭಯವೂ ಕಡಿಮೆ.

ಆದರೆ ತಂಪು ಒಳ್ಳೆಯದು ಎಂದು 45ರಲ್ಲೇ ಹೊರಡಬೇಡಿ. ಇಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಇಸಿಯು (ಇಂಜಿನ್ನಿನ ಕಂಪ್ಯೂಟರ್) ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಆಯಿಲ್ ದಪ್ಪಗಿರುತ್ತದೆ. ಆಯಿಲ್ ಬಿಸಿಯಾಗುವುದು ನೀರಿಗಿಂತ ನಿಧಾನ, ಇದನ್ನು ತುಂಬಾ ಜನ ಮರೆಯುತ್ತಾರೆ. ಬೆಳಗ್ಗೆ ಮೊದಲ ಓಟಕ್ಕೆ ಮುಂಚೆ ಇಂಜಿನ್ ಚೆನ್ನಾಗಿ ಕಾಯಿಸಿ, ಆಯಿಲ್ 80 ಡಿಗ್ರಿ ಮುಟ್ಟಲಿ. ಆಮೇಲೆ ಇಂಜಿನ್ ಆಫ್ ಮಾಡಿ ನೀರನ್ನಷ್ಟೇ ಇಳಿಸಿ. ಆಯಿಲ್ ಬಿಸಿ, ನೀರು ತಂಪು. ನಮಗೆ ಬೇಕಾದದ್ದು ಅದು.

ಎಲ್ಲಕ್ಕಿಂತ ಮುಖ್ಯ, ಪ್ರತಿ ಓಟವನ್ನೂ ಅದೇ ಡಿಗ್ರಿಯಲ್ಲಿ ಶುರು ಮಾಡಿ. ಒಮ್ಮೆ 60, ಇನ್ನೊಮ್ಮೆ 92 ಆದರೆ ಟೈಮ್ ಬದಲಾದದ್ದು ಟ್ಯೂನಿಂಗ್‌ನಿಂದಲೋ ಬಿಸಿಯಿಂದಲೋ ಗೊತ್ತಾಗುವುದಿಲ್ಲ. ನಾವು ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇವೆ. ಓಟದ ಟೈಮಿನ ಪಕ್ಕ ನೀರಿನ ಡಿಗ್ರಿ ಬರೆಯದೆ ಯಾರೂ ಊಟಕ್ಕೆ ಹೋಗುವ ಹಾಗಿಲ್ಲ.

ಬೋರ್ ನೀರು ಹಾಕಬಹುದಾ? ಟ್ರ್ಯಾಕ್ಟರಿಗೆ ಅದನ್ನೇ ಹಾಕ್ತೀವಿ.

ಬೇಡ. ದಯವಿಟ್ಟು ಬೇಡ.

ನಮ್ಮ ಕಡೆ ಬೋರಿನ ನೀರು ಗಡಸು. ಸ್ನಾನದ ಮನೆಯ ಬಕೆಟ್ಟಿನ ಒಳಗೆ, ಗೀಸರಿನ ಕಾಯಿಲ್ ಮೇಲೆ ಬಿಳಿ ಸುಣ್ಣ ಕಟ್ಟುವುದನ್ನು ನೋಡಿದ್ದೀರಲ್ಲ. ನೀರು ಕಾದಷ್ಟೂ ಅದು ಜಾಸ್ತಿ ಕಟ್ಟುತ್ತದೆ. ಇಂಜಿನ್ನಿನೊಳಗೆ ಎಲ್ಲಕ್ಕಿಂತ ಬಿಸಿ ಇರುವುದು ಎಕ್ಸಾಸ್ಟ್ ವಾಲ್ವಿನ ಸುತ್ತ. ಅಂದರೆ ತಂಪು ಎಲ್ಲಿ ಹೆಚ್ಚು ಬೇಕೋ, ಸುಣ್ಣ ಮೊದಲು ಹಿಡಿಯುವುದು ಅಲ್ಲೇ.

ಹಳೆ ಬಸ್ ಸ್ಟ್ಯಾಂಡ್ ಕಡೆ ರೇಡಿಯೇಟರ್ ಕೆಲಸ ಮಾಡುವ ಕಾಕಾ ಒಬ್ಬರಿದ್ದಾರೆ. ಒಂದು ದಿನ ಟ್ರ್ಯಾಕ್ಟರಿನ ಹಿತ್ತಾಳೆ ರೇಡಿಯೇಟರ್ ಬಂದಿತ್ತು. ಅದರ ಮೇಲಿನ ಟ್ಯಾಂಕಿನ ಬೆಸುಗೆ ಬಿಚ್ಚಿ ನನ್ನನ್ನು ಕರೆದು ತೋರಿಸಿದರು. ಸಾಲಾಗಿ ಚಪ್ಪಟೆ ಕೊಳವೆಗಳ ಬಾಯಿ. ಅರ್ಧಕ್ಕೆ ಅರ್ಧ ಬಾಯಿಗಳಲ್ಲಿ ಗಟ್ಟಿ ಬಿಳಿ ಹಿಟ್ಟು. ತೆಳು ಉಕ್ಕಿನ ಪಟ್ಟಿಯೊಂದನ್ನು ಒಂದರಲ್ಲಿ ತೂರಿಸಿದರು. ಎರಡು ಇಂಚು ಇಳಿದು ನಿಂತಿತು. ಪಕ್ಕದ ಕೊಳವೆಯಲ್ಲಿ ಅದೂ ಇಳಿಯಲಿಲ್ಲ. ಹೊರಗಿನಿಂದ ನೋಡಿದರೆ ಆ ರೇಡಿಯೇಟರಿಗೆ ಏನೂ ಆಗಿರಲಿಲ್ಲ, ಒಂದು ಹನಿ ಸೋರುತ್ತಿರಲಿಲ್ಲ. "ಇದು ಅರ್ಧ ರೇಡಿಯೇಟರ್ ತಮ್ಮಾ" ಅಂದರು ಕಾಕಾ. ಹಿತ್ತಾಳೆಯದಾದರೆ ಹೀಗೆ ಬಿಚ್ಚಿ ಕೆರೆಯಬಹುದು. ಈಗಿನ ಅಲ್ಯುಮಿನಿಯಂ, ಪ್ಲಾಸ್ಟಿಕ್ ಟ್ಯಾಂಕಿನ ರೇಡಿಯೇಟರಿನಲ್ಲಿ ಅದಕ್ಕೂ ಅವಕಾಶ ಇಲ್ಲ.

ಬ್ಯಾಟರಿ ಅಂಗಡಿಯಲ್ಲಿ 5 ಲೀಟರ್ ಕ್ಯಾನಿನಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಹಾಕಿ. ನಮ್ಮ ಕಾರಿಗೆ ಒಂದು ಕ್ಯಾನ್ ಸಾಕು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಪ್ರಯೋಜನ ಕೊಡುವ ಸಾಮಾನು ಡ್ರ್ಯಾಗ್ ರೇಸಿನಲ್ಲಿ ಇನ್ನೊಂದಿಲ್ಲ.

ಕೂಲೆಂಟ್ ಹಾಕದೆ ಬರೀ ನೀರಾ? ತುಕ್ಕು ಹಿಡಿಯಲ್ವಾ?

ರಸ್ತೆಯ ಕಾರಿಗೆ ಕೂಲೆಂಟೇ ಸರಿ. ರೇಸಿನ ದಿನ ಮಾತ್ರ ವಿಷಯ ಬೇರೆ. ಬಣ್ಣದ ಕೂಲೆಂಟಿನಲ್ಲಿ ಇರುವುದು ಗ್ಲೈಕಾಲ್. ಅದು ಓಟದ ಹಾದಿಯ ಮೇಲೆ ಚೆಲ್ಲಿದರೆ ಎಣ್ಣೆಯ ಹಾಗೆ ಜಾರುತ್ತದೆ, ನೀರಿನ ಹಾಗೆ ಬೇಗ ಆರುವುದೂ ಇಲ್ಲ. ನಿಮ್ಮ ಹಿಂದೆ ಬರುವವನು 160 ಕಿ.ಮೀ. ವೇಗದಲ್ಲಿ ಅದರ ಮೇಲೆ ಹೋಗುತ್ತಾನೆ. ಹಲವು ರೇಸುಗಳಲ್ಲಿ ಗ್ಲೈಕಾಲ್ ಹಾಕಿದ ಕಾರನ್ನು ತಪಾಸಣೆಯಲ್ಲೇ ನಿಲ್ಲಿಸುತ್ತಾರೆ. ಹೋಗುವ ಮುಂಚೆ ಆ ರೇಸಿನ ನಿಯಮ ಓದಿ.

ಬಿಸಿ ಹೊರುವುದರಲ್ಲೂ ನೀರೇ ಮೇಲು. ಅರ್ಧ ಗ್ಲೈಕಾಲ್, ಅರ್ಧ ನೀರು ಬೆರೆಸಿದರೆ ಅದು ಹೊರುವ ಬಿಸಿ ಬರೀ ನೀರಿಗಿಂತ ಶೇಕಡಾ 15ರಷ್ಟು ಕಡಿಮೆ. ತುಕ್ಕಿನ ಭಯಕ್ಕೆ ಗ್ಲೈಕಾಲ್ ಇಲ್ಲದ, ತುಕ್ಕು ತಡೆಯುವ ದ್ರಾವಣ ಸಿಗುತ್ತದೆ. ಡಿಸ್ಟಿಲ್ಡ್ ವಾಟರಿಗೆ ಅದನ್ನು ಬಾಟಲಿಯ ಮೇಲೆ ಬರೆದಷ್ಟೇ ಬೆರೆಸಿ. ಏನೂ ಬೆರೆಸದ ಬರೀ ನೀರನ್ನು ತಿಂಗಳುಗಟ್ಟಲೆ ಒಳಗೆ ಬಿಟ್ಟರೆ ಅಲ್ಯುಮಿನಿಯಂ ಹೆಡ್ಡು ಸವೆಯುತ್ತದೆ, ವಾಟರ್ ಬಾಡಿಯ (ನೀರು ಸುತ್ತಿಸುವ ಪಂಪು) ಸೀಲೂ ಹೋಗುತ್ತದೆ.

ಉಕ್ಕಿದ ನೀರು ಹಿಡಿಯಲು ಒಂದು ಡಬ್ಬಿಯೂ ಬೇಕು. ಅರ್ಧ ಲೀಟರ್‌ಗಿಂತ ಚಿಕ್ಕದು ಬೇಡ. ತಂತಿಯಲ್ಲಿ ನೇತುಹಾಕಬೇಡಿ, ಬೋಲ್ಟ್ ಹಾಕಿ ಬಿಗಿಯಿರಿ.

ಥರ್ಮೋಸ್ಟಾಟ್ ತೆಗೆದು ಬಿಸಾಕಿ ಅಂತಾರೆ ಮೆಕ್ಯಾನಿಕ್‌ಗಳು.

ಥರ್ಮೋಸ್ಟಾಟ್ ಅಂದರೆ ನೀರು ಸಾಕಷ್ಟು ಕಾದ ಮೇಲೆ ಮಾತ್ರ ರೇಡಿಯೇಟರಿಗೆ ದಾರಿ ಬಿಡುವ ಕವಾಟ. ಅದನ್ನು ಬಿಸಾಕುವುದು ನಮ್ಮ ಕಡೆ ಹಳೆ ಅಭ್ಯಾಸ. ಗಾಡಿ ಬಿಸಿ ಆಯಿತು ಅಂದರೆ ಮೊದಲು ಅದನ್ನೇ ಕೀಳುತ್ತಾರೆ. ಕಿತ್ತರೆ ಬೆಳಗ್ಗೆ ಇಂಜಿನ್ ಬೇಗ ಕಾಯುವುದಿಲ್ಲ, ಆಯಿಲ್ ಅಂತೂ ಇನ್ನೂ ನಿಧಾನ. ಇನ್ನೊಂದು ತೊಂದರೆ ಕಣ್ಣಿಗೆ ಕಾಣದ್ದು. ಕೆಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದರ ಕೆಳತಟ್ಟೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ತೆಗೆದರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಇಂಜಿನ್ನಿನಲ್ಲೇ ಸುತ್ತುತ್ತಾ ಇರುತ್ತದೆ.

ಬೇಗ ತೆರೆಯುವ, ಅಂದರೆ 71 ಅಥವಾ 76 ಡಿಗ್ರಿಯ ಥರ್ಮೋಸ್ಟಾಟ್ ನಿಮ್ಮ ಇಂಜಿನ್ನಿಗೆ ಸಿಕ್ಕರೆ ಹಾಕಿ. ಹಾಕುವ ಮುಂಚೆ ಪಾತ್ರೆಯಲ್ಲಿ ನೀರು ಕಾಯಿಸಿ, ದಾರದಲ್ಲಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. ಹೊಸದರಲ್ಲೂ ತೆರೆಯದೇ ಇರುವುದು ನಮಗೆ ಸಿಕ್ಕಿದೆ.

ರೇಡಿಯೇಟರ್ ಕ್ಯಾಪ್‌ನಲ್ಲಿ ಏನಿದೆ ಅಂಥದ್ದು?

ಕುದಿಯುವ ಡಿಗ್ರಿ ಇದೆ. ದಾವಣಗೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಚಿತ್ರದುರ್ಗ 730 ಮೀಟರ್. ಹಾಗಾಗಿ ತೆರೆದ ಪಾತ್ರೆಯಲ್ಲಿ ನಮ್ಮ ನೀರು 98 ಡಿಗ್ರಿಗೇ ಕುದಿಯುತ್ತದೆ. ಕ್ಯಾಪ್ ಒತ್ತಡ ಹಿಡಿದರೆ ಅದೇ ನೀರು ಸುಮಾರು 120ರವರೆಗೆ ಕುದಿಯುವುದಿಲ್ಲ. 1.1 ಎಂದು ಬರೆದ ಕ್ಯಾಪ್‌ನ ಕೆಲಸ ಅದು. ರಬ್ಬರ್ ಒಣಗಿ ಸೀಳಿದ್ದರೆ ಆ 20 ಡಿಗ್ರಿ ಸುಮ್ನೆ ಹೋಯಿತು. ಕಂಪನಿ ಕೊಟ್ಟದ್ದಕ್ಕಿಂತ ಜಾಸ್ತಿ ಒತ್ತಡದ ಕ್ಯಾಪ್ ಹಾಕಿದರೆ ಮಾತ್ರ ಹಳೆ ಹೋಸ್ ಪೈಪು, ಹೀಟರ್ ಪೈಪು ಒಡೆಯುತ್ತವೆ.

ಬಿಸಿ ಇದ್ದಾಗ ಯಾವ ಕಾರಣಕ್ಕೂ ಬಿಚ್ಚಬೇಡಿ. ಬಟ್ಟೆ ಸುತ್ತಿಕೊಂಡು, ನಿಧಾನವಾಗಿ, ಎನ್ನುವುದೂ ಬೇಡ. ಬಿಚ್ಚಿದ ಕ್ಷಣ ಒತ್ತಡ ಇಳಿದು 110 ಡಿಗ್ರಿ ನೀರು ಒಟ್ಟಿಗೇ ಕುದಿದು ಮುಖಕ್ಕೆ ಬರುತ್ತದೆ. ಮೇಲಿನ ಹೋಸ್ ಹಿಸುಕಿ ನೋಡಿ. ಗಟ್ಟಿ ಇದ್ದರೆ ಕೈ ಹಿಂದೆ ತೆಗೆಯಿರಿ.

ಫ್ಯಾನ್ ತಿರುಗ್ತಾನೇ ಇದೆ, ಆದರೂ ಮೀಟರ್ ಏರ್ತಾ ಇದೆ. ಯಾಕೆ?

ಇದು ನಮಗೇ ಆಗಿದೆ. ಒಂದು ರೇಸಿನ ಹಿಂದಿನ ರಾತ್ರಿ ನಾವೇ ಹೊಸ ಫ್ಯಾನ್ ಕೂರಿಸಿದ್ದೆವು. ಸ್ವಿಚ್ ಹಾಕಿದರೆ ಭರ್ರೆಂದು ತಿರುಗಿತು, ಎಲ್ಲರೂ ಖುಷಿಯಿಂದ ಮಲಗಿದೆವು. ಮಾರನೇ ದಿನ ಸಾಲಿನಲ್ಲಿ ಮೀಟರ್ 96, 99, 103. ಫ್ಯಾನ್ ಓಡುತ್ತಲೇ ಇತ್ತು. ನಾನು ಗ್ರಿಲ್ ಮುಂದೆ ಕೂತು ಕೈ ಹಿಡಿದೆ. ಬಿಸಿ ಗಾಳಿ ಅಂಗೈಗೆ ಹೊಡೆಯಿತು. ಹಿಂದೆ ಹೋಗಬೇಕಾದ ಗಾಳಿ ಮುಂದೆ ಬರುತ್ತಿತ್ತು! ಎರಡು ವೈರು ಅದಲು ಬದಲಾಗಿ ಫ್ಯಾನ್ ಉಲ್ಟಾ ತಿರುಗುತ್ತಿತ್ತು. ಅವತ್ತು ನಮ್ಮ ಸರದಿ ಬಿಟ್ಟುಕೊಟ್ಟೆವು.

ಈಗ ಶೆಡ್ಡಿನಿಂದ ಹೊರಡುವ ಮುಂಚೆ ಒಂದು ಪೇಪರ್ ಹಾಳೆಯನ್ನು ರೇಡಿಯೇಟರ್ ಮುಂದೆ ಹಿಡಿಯುತ್ತೇವೆ. ಕೈ ಬಿಟ್ಟರೂ ಅದು ಅಂಟಿಕೊಂಡು ನಿಲ್ಲಬೇಕು. ನಾಲ್ಕು ಮೂಲೆಯಲ್ಲೂ ನೋಡಿ. ಮಧ್ಯೆ ಅಂಟಿ ಮೂಲೆಯಲ್ಲಿ ಬಿದ್ದರೆ ಫ್ಯಾನಿನ ಸುತ್ತ ಶ್ರೌಡ್ (ರೇಡಿಯೇಟರನ್ನು ಪೂರ್ತಿ ಮುಚ್ಚುವ ಕವಚ) ಇಲ್ಲ ಅಥವಾ ಸಂದಿ ಇದೆ ಎಂದರ್ಥ. ಶ್ರೌಡ್ ಇಲ್ಲದ ಫ್ಯಾನ್ ತನ್ನ ಎದುರಿಗಿರುವ ಜಾಗದ ಗಾಳಿಯನ್ನಷ್ಟೇ ಎಳೆಯುತ್ತದೆ. ಉಳಿದ ರೇಡಿಯೇಟರ್ ದಂಡ. ತಗಡಿನ ಕೆಲಸದವರ ಹತ್ತಿರ ಹೋದರೆ ಅರ್ಧ ದಿನದಲ್ಲಿ ಅಲ್ಯುಮಿನಿಯಂ ಹಾಳೆಯಲ್ಲಿ ಮಾಡಿಕೊಡುತ್ತಾರೆ.

ವೈರಿಂಗ್ ಬಗ್ಗೆಯೂ ಒಂದು ಮಾತು. ದೊಡ್ಡ ಫ್ಯಾನ್ 20 ಆಂಪ್ ಎಳೆಯುತ್ತದೆ. ಡ್ಯಾಶ್‌ಬೋರ್ಡಿನ ಸ್ವಿಚ್ಚಿನಲ್ಲಿ ನೇರ ಹಾಯಿಸಬೇಡಿ, ರಿಲೇ ಹಾಕಿ, ಬ್ಯಾಟರಿ ಹತ್ತಿರವೇ 30 ಆಂಪ್ ಫ್ಯೂಸ್ ಹಾಕಿ. ಇಗ್ನಿಷನ್ ಆಫ್ ಆದರೂ ಓಡುವ ಹಾಗೆ ಬೇರೆ ಸ್ವಿಚ್ ಇರಲಿ. ದುಡ್ಡು ಇದ್ದರೆ ಎಲೆಕ್ಟ್ರಿಕ್ ವಾಟರ್ ಪಂಪ್ ಹಾಕಿ. ಬೆಲ್ಟಿನ ವಾಟರ್ ಬಾಡಿ ಇಂಜಿನ್ ನಿಂತ ಕೂಡಲೇ ನಿಲ್ಲುತ್ತದೆ. ಎಲೆಕ್ಟ್ರಿಕ್ ಪಂಪ್ ಇಂಜಿನ್ ಆಫ್ ಆದ ಮೇಲೂ ನೀರು ಸುತ್ತಿಸುತ್ತದೆ, ಡ್ರ್ಯಾಗ್ ಕಾರಿಗೆ ಬೇಕಾದದ್ದು ಅದೇ ತಾನೆ.

ಒಂದು ಓಟಕ್ಕೂ ಇನ್ನೊಂದಕ್ಕೂ ಅರ್ಧ ಗಂಟೆ. ಅಷ್ಟರಲ್ಲಿ ತಣ್ಣಗೆ ಮಾಡೋದು ಹೇಗೆ?

ಬೆಣ್ಣೆ ದೋಸೆ ಹೋಟೆಲಿನಲ್ಲಿ ಕಾವಲಿ ನೋಡಿದ್ದೀರಲ್ಲ. ಒಲೆಯಿಂದ ಸೌದೆ ಎಳೆದ ಮೇಲೂ ಅದರ ಮೇಲೆ ಇನ್ನೆರಡು ದೋಸೆ ಆಗುತ್ತವೆ. ಇಂಜಿನ್ನೂ ಹಾಗೆಯೇ. ಓಟ ಮುಗಿಸಿ ಬಂದು ತಕ್ಷಣ ಎಲ್ಲ ಆಫ್ ಮಾಡಿದರೆ ಹೆಡ್ಡಿನ ಬಿಸಿ ನಿಂತ ನೀರಿಗೆ ಇಳಿಯುತ್ತದೆ. ಮೀಟರ್ ಐದಾರು ನಿಮಿಷ ಏರುತ್ತಲೇ ಇರುತ್ತದೆ.

ನಮ್ಮ ಕ್ರಮ ಹೀಗೆ. ಫಿನಿಶ್ ದಾಟಿದ ಮೇಲೆ ವಾಪಸ್ ಬರುವ ದಾರಿಯಲ್ಲಿ ಮೇಲಿನ ಗೇರಿನಲ್ಲಿ ನಿಧಾನವಾಗಿ ಬರುತ್ತೇವೆ. ಆ ಒಂದೆರಡು ನಿಮಿಷದ ಗಾಳಿ ಪುಕ್ಕಟೆ. ಪಿಟ್‌ನಲ್ಲಿ ಗಾಡಿಯ ಮೂತಿಯನ್ನು ಗಾಳಿ ಬರುವ ದಿಕ್ಕಿಗೆ ತಿರುಗಿಸಿ ನಿಲ್ಲಿಸುತ್ತೇವೆ. ಚಿತ್ರದುರ್ಗದ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡುತ್ತಲೇ ಬೆಳೆದವರು. ಬಾನೆಟ್ ಎತ್ತಿ, ಇಂಜಿನ್ ಆಫ್ ಮಾಡಿ, ಪಂಪು ಮತ್ತು ಫ್ಯಾನನ್ನು ಹೊರಗಿನ ಬ್ಯಾಟರಿಯಿಂದ ಓಡಿಸುತ್ತೇವೆ. ಗಿಡಕ್ಕೆ ಔಷಧಿ ಹೊಡೆಯುವ ಕೈ ಸ್ಪ್ರೇಯರ್‌ನಲ್ಲಿ ನೀರು ತುಂಬಿ ರೇಡಿಯೇಟರಿನ ಮುಂಭಾಗಕ್ಕೆ ಸಣ್ಣಗೆ ಮಂಜಿನ ಹಾಗೆ ಹೊಡೆಯುತ್ತೇವೆ. ದೋಸೆ ಭಟ್ಟರು ಕಾವಲಿಗೆ ನೀರು ಚಿಮುಕಿಸಿದಾಗ ಚುಂಯ್ ಅಂತ ಆವಿ ಏಳುತ್ತದಲ್ಲ, ಬಿಸಿ ಹೋಗುವುದು ಆ ಆವಿಯ ಜೊತೆ. ಸ್ಪ್ರೇಯರಿಗೆ ಮಾತ್ರ ಔಷಧಿಯ ವಾಸನೆಯೂ ಇಲ್ಲದ ಹೊಸದನ್ನು ತನ್ನಿ.

ಬ್ಲಾಕಿಗೆ, ಎಕ್ಸಾಸ್ಟಿಗೆ, ಟರ್ಬೊಗೆ ಬಕೆಟ್ಟಿನಲ್ಲಿ ನೀರು ಸುರಿಯಬೇಡಿ. ಕಾದ ಲೋಹ ಬಿರುಕು ಬಿಡುತ್ತದೆ.

ಇನ್ನು ಸಾಲಿನಲ್ಲಿ. ಸ್ಟಾರ್ಟ್ ಇಟ್ಟುಕೊಂಡು ಸುಮ್ನೆ ನಿಲ್ಲಬೇಡಿ. ಸಾಲು ಮುಂದೆ ಹೋದಾಗ ಗಾಡಿಯನ್ನು ತಳ್ಳಿ. ನಾವು ನಾಲ್ಕೂ ಜನ ತಳ್ಳುತ್ತೇವೆ. ಮುಂದೆ ಎರಡು ಜೋಡಿ ಉಳಿದಾಗ ಸ್ಟಾರ್ಟ್. ಸಾವಿರಾರು ರೂಪಾಯಿಯ ರೇಡಿಯೇಟರ್ ಮಾಡುವುದಕ್ಕಿಂತ ಜಾಸ್ತಿ ಕೆಲಸವನ್ನು ಈ ತಳ್ಳುವಿಕೆ ಮಾಡಿದೆ.

ಐಸ್ ಎಲ್ಲಿ ಇಡಬೇಕು? ರೇಡಿಯೇಟರ್ ಒಳಗೆ ಹಾಕಬಹುದಾ?

ಒಳಗೆ ಬೇಡ. ಕಾದ ಹೆಡ್ಡಿಗೆ ಒಮ್ಮೆಗೇ ತಣ್ಣೀರು ಹೋದರೆ ಒಂದು ಕಡೆ ಕುಗ್ಗಿ, ಇನ್ನೊಂದು ಕಡೆ ಹಿಗ್ಗಿ ಹೆಡ್ಡು ಬಾಗಬಹುದು. ಐಸ್ ಇರಬೇಕಾದ ಜಾಗ ಇಂಜಿನ್ನಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡ್ ಮೇಲೆ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಟರ್ಬೊ ಇದ್ದರೆ, ಅದರಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಮೇಲೆ. ನೀರಿನಿಂದ ತಂಪಾಗುವ ಇಂಟರ್‌ಕೂಲರ್ ಇದ್ದವರು ಅದರ ಡಬ್ಬಿಗೆ ಐಸ್ ತುಂಬಬಹುದು. 10 ಕಿಲೋ ಐಸ್ ಕರಗಲು 3,300 ಕಿಲೋಜೂಲ್ ಹೀರುತ್ತದೆ. ಮೇಲೆ ಹಾಕಿದ ಓಟದ ಲೆಕ್ಕ 900 ಅಲ್ವಾ, ಹೋಲಿಸಿ ನೋಡಿ.

ಸಾಲಿಗೆ ಹೋಗುವ ಮುಂಚೆ ಚೀಲ ತೆಗೆದು, ಒದ್ದೆ ಒರೆಸಿ, ಗಾಡಿಯ ಕೆಳಗೆ ಬಗ್ಗಿ ನೋಡಿ. ನಿಮ್ಮದೇ ಟೈರಿನ ಮುಂದೆ ಹನಿ ಬೀಳುತ್ತಿದ್ದರೆ ಹೋಗಬೇಡಿ. ಐಸನ್ನು ಭತ್ತದ ಹೊಟ್ಟಿನಲ್ಲಿ ಹುದುಗಿಸಿ ಗೋಣಿಚೀಲ ಸುತ್ತಿದರೆ ಸಂಜೆವರೆಗೂ ಇರುತ್ತದೆ.

ಮೆಥನಾಲ್ ಹಾಕಿದರೆ ಇಂಜಿನ್ ತಂಪಾಗಿ ಓಡುತ್ತಂತೆ?

ಓಡುತ್ತದೆ. ಒಂದು ಕಿಲೋ ಮೆಥನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಸುಮಾರು ಮೂರು ಪಟ್ಟು ಬಿಸಿ ಹೀರುತ್ತದೆ. ಅದೇ ಗಾಳಿಗೆ ಎರಡು ಪಟ್ಟಿಗೂ ಹೆಚ್ಚು ಮೆಥನಾಲ್ ಬೇಕು. ಹಾಗಾಗಿ ಒಟ್ಟು ತಂಪು ಆರೇಳು ಪಟ್ಟು. ಆದರೆ ಅದಕ್ಕೆ ಪಂಪು, ಇಂಜೆಕ್ಟರ್, ಪೈಪು, ಮ್ಯಾಪಿಂಗ್ ಎಲ್ಲ ಬದಲಾಗಬೇಕು. ಮೈಮೇಲೆ ಬಿದ್ದರೆ ಚರ್ಮದಿಂದಲೇ ಒಳಗಿಳಿಯುವ ವಿಷ. ಹಗಲಲ್ಲಿ ಅದರ ಬೆಂಕಿ ಕಣ್ಣಿಗೆ ಕಾಣುವುದಿಲ್ಲ. ಶೆಡ್ಡಿನಲ್ಲಿ ಕಲಿಯುತ್ತಿರುವವರಿಗೆ ಇದು ಬೇಡ ಎಂದೇ ನನ್ನ ಅಭಿಪ್ರಾಯ. ಪೆಟ್ರೋಲಿನಲ್ಲೇ ಓಡಿಸಿ, ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಸರಿ ಮಾಡಿಕೊಳ್ಳಿ. ಪೆಟ್ರೋಲ್ ಕಡಿಮೆ ಆಗಿ ಓಡುವ ಇಂಜಿನ್ನಿನ ಬಿಸಿಯನ್ನು ಯಾವ ರೇಡಿಯೇಟರೂ ಇಳಿಸಲಾರದು.

ಮೀಟರ್ ನಾರ್ಮಲ್ ಇತ್ತು, ಆದರೂ ಹೆಡ್ ಗ್ಯಾಸ್ಕೆಟ್ ಹೋಯ್ತು. ಹೇಗೆ ಸಾಧ್ಯ?

ಹೆಡ್ಡಿಗೂ ಬ್ಲಾಕಿಗೂ ನಡುವೆ ಸೋರದಂತೆ ಹಾಕುವ ಹಾಳೆಯೇ ಹೆಡ್ ಗ್ಯಾಸ್ಕೆಟ್. ಚಿತ್ರದುರ್ಗದಿಂದ ಬಂದ ಹುಡುಗನೊಬ್ಬ ಅಳುಮುಖ ಮಾಡಿಕೊಂಡು ಇದನ್ನೇ ಕೇಳಿದ. ಸಾಲಿನಲ್ಲಿ ಮೀಟರ್ 105 ಆಗಿತ್ತಂತೆ. ಆಮೇಲೆ ಪಟ್ಟನೆ 70ಕ್ಕೆ ಇಳಿಯಿತಂತೆ. ತಣ್ಣಗಾಯಿತು ಎಂದು ಓಡಿಸಿದ.

ತಣ್ಣಗಾಗಿರಲಿಲ್ಲ. ಕೆಳಗಿನ ಹೋಸ್ ಕ್ಲಿಪ್ಪಿನಿಂದ ಕಳಚಿ ನೀರೆಲ್ಲ ಹೋಗಿತ್ತು. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿ ಹೇಳುತ್ತದೆ. ನೀರು ಹೋಗಿ ಗಾಳಿಯಲ್ಲಿ ನಿಂತರೆ ಅದರ ಮಾತು ನಂಬುವ ಹಾಗಿಲ್ಲ. ಹೆಡ್ಡು ಬಿಚ್ಚಿ, ಮೇಲೆ ನೇರ ಪಟ್ಟಿ ಇಟ್ಟು, ಸಂದಿಯಲ್ಲಿ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಎಲೆಗಳು) ತೂರಿಸಿದೆವು. 0.15 ಮಿಲಿಮೀಟರ್ ಎಲೆ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಯಿತು. ಇಂಥ ಹೆಡ್ಡಿಗೆ 0.05ಕ್ಕಿಂತ ಜಾಸ್ತಿ ಬಾಗಿದ್ದರೆ ಲೇಥಿಗೆ ಹಾಕಿ ಮಟ್ಟ ಮಾಡಿಸಲೇಬೇಕು.

ಆದ್ದರಿಂದ ಮೀಟರ್ ಏರಿದರೆ ಹೆದರಿ, ತಾನಾಗಿ ಪಟ್ಟನೆ ಇಳಿದರೆ ಇನ್ನೂ ಹೆದರಿ. ತಕ್ಷಣ ಇಂಜಿನ್ ಆಫ್ ಮಾಡಿ. ನಾವು ಈಗ ನೀರಿನ ಒತ್ತಡಕ್ಕೂ ಒಂದು ಗೇಜ್ ಹಾಕಿದ್ದೇವೆ. ನೀರು ಹೋದರೆ ಒತ್ತಡ ಮೊದಲು ಬೀಳುತ್ತದೆ. ಹೋಸ್ ಬಾಯಿಗಳಿಗೆ ತಿರುಪಿನ ಒಳ್ಳೆ ಕ್ಲಿಪ್ ಹಾಕಿದ್ದೇವೆ. ಪ್ರತಿ ರೇಸಿನ ಬೆಳಗ್ಗೆ ಒಬ್ಬರು ಎಲ್ಲವನ್ನೂ ಕೈಯಿಂದ ತಿರುಗಿಸಿ ನೋಡುತ್ತಾರೆ.

ಗ್ಯಾಸ್ಕೆಟ್ ಹೋಗುವ ಮುಂಚೆ ಗೊತ್ತಾಗುತ್ತಾ?

ಸಾಮಾನ್ಯವಾಗಿ ಗೊತ್ತಾಗುತ್ತದೆ. ತಣ್ಣಗಿರುವಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ. ನೀರಿನಲ್ಲಿ ಸಣ್ಣ ಗುಳ್ಳೆ ನಿಲ್ಲದೆ ಬರುತ್ತಿದ್ದರೆ ಸಿಲಿಂಡರಿನ ಗಾಳಿ ನೀರಿಗೆ ನುಗ್ಗುತ್ತಿದೆ. ಸ್ಟಾರ್ಟ್ ಮಾಡಿದ ಅರ್ಧ ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿ ಆದರೂ ಅದೇ ರೋಗ. ಆಯಿಲ್ ಕ್ಯಾಪ್ ಒಳಗೆ ಹಾಲಿನ ಕೆನೆಯಂಥದ್ದು ಇದ್ದರೆ ಆಯಿಲಿಗೆ ನೀರು ಸೇರಿದೆ. ಒಂದು ಪ್ಲಗ್ ಮಾತ್ರ ತೊಳೆದಿಟ್ಟಷ್ಟು ಸ್ವಚ್ಛ ಇದ್ದರೆ ಆ ಸಿಲಿಂಡರಿಗೆ ನೀರು ಇಳಿಯುತ್ತಿರಬಹುದು.

ಆದರೆ ಗುಳ್ಳೆ ನೋಡಿ ಗಾಬರಿ ಬೀಳುವ ಮುಂಚೆ ಗಾಳಿ ತೆಗೆದಿದ್ದೀರಾ ನೋಡಿ. ನೀರು ಹೊಸದಾಗಿ ತುಂಬಿದಾಗ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಮುಂದಿನ ಚಕ್ರಗಳನ್ನು ಎತ್ತರಿಸಿ, ಹೀಟರ್ ಪೂರ್ತಿ ತೆರೆದು, ಕ್ಯಾಪ್ ಇಲ್ಲದೆ ಸ್ಟಾರ್ಟ್ ಮಾಡಿ, ಥರ್ಮೋಸ್ಟಾಟ್ ತೆರೆದು ಗುಳ್ಳೆ ನಿಲ್ಲುವವರೆಗೂ ಸ್ವಲ್ಪ ಸ್ವಲ್ಪ ನೀರು ಹಾಕುತ್ತಾ ಇರಿ. ಅವಸರ ಮಾಡಬೇಡಿ.

ಟೆಸ್ಟ್ ಮಾಡೋದು ಎಲ್ಲಿ? ಬೈಪಾಸ್ ರಾತ್ರಿ ಖಾಲಿ ಇರುತ್ತೆ.

ಬೈಪಾಸ್ ಖಾಲಿ ಇರುವುದಿಲ್ಲ. ಲೈಟಿಲ್ಲದ ಟ್ರ್ಯಾಕ್ಟರ್ ಟ್ರೇಲರ್, ಕೆಟ್ಟು ನಿಂತ ಲಾರಿ, ದಾಟುವ ಜನ ಇರುತ್ತಾರೆ. ರಸ್ತೆಯಲ್ಲಿ ರೇಸ್ ಮಾಡುವುದು ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅಪರಾಧ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯ ಹುಡುಗರು ಹೈವೇಯಲ್ಲಿ ಜೀವ ಕಳೆದುಕೊಂಡದ್ದನ್ನು ನೋಡಿದ್ದೇವೆ. ರಸ್ತೆಯಲ್ಲಿ ರೇಸ್ ಮಾಡಬಾರದು, ನಮ್ಮ ಶೆಡ್ಡಿಗೆ ಬರುವವರಿಗೆ ಇದು ಮೊದಲ ಷರತ್ತು.

ಕೂಲಿಂಗ್ ಪರೀಕ್ಷೆಗೆ ಓಡಿಸುವ ಅಗತ್ಯವೇ ಇಲ್ಲ. ಮೊದಲ ಪ್ರಶ್ನೆಯ ಲೆಕ್ಕ ನೆನಪಿದೆಯಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ, ದಾವಣಗೆರೆ ಬಿಸಿಲಿನಲ್ಲಿ, ಗಾಡಿಯನ್ನು ಹೊರಗೆ ನಿಲ್ಲಿಸಿ, ಬಾನೆಟ್ ಮುಚ್ಚಿ, 20 ನಿಮಿಷ ಐಡಲಿಂಗ್ ಬಿಡಿ. ಎರಡು ನಿಮಿಷಕ್ಕೊಮ್ಮೆ ಮೀಟರ್ ಬರೆದುಕೊಳ್ಳಿ. ಒಂದು ಡಿಗ್ರಿಯಲ್ಲಿ ನಿಂತು ಅಲ್ಲೇ ಉಳಿದರೆ ನಿಮ್ಮ ಗಾಡಿ ಯಾವ ಸಾಲನ್ನೂ ತಡೆದುಕೊಳ್ಳುತ್ತದೆ. ಏರುತ್ತಲೇ ಹೋದರೆ ಫ್ಯಾನ್, ಶ್ರೌಡ್, ಕ್ಯಾಪ್ ಮತ್ತೆ ನೋಡಿ. ಓಟಕ್ಕೆ ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ರೇಸಿಂಗ್ ಕ್ಲಬ್‌ಗಳ ಒಕ್ಕೂಟ) ಅನುಮತಿ ಇರುವ ರೇಸುಗಳಿಗೆ ಹೋಗಿ. ಆಂಬುಲೆನ್ಸ್, ಬೆಂಕಿ ಆರಿಸುವವರು ಇರುತ್ತಾರೆ, ಟೈಮೂ ಸರಿಯಾಗಿ ಸಿಗುತ್ತದೆ.

ರೇಸ್ ಮುಗಿಸಿ ಊರಿಗೆ ಬಂದ ಮೇಲೆ ಏನು ಮಾಡಬೇಕು?

ಮಾರನೇ ದಿನ, ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ನೀರು ಇಳಿಸಿ. ಬಿಳಿ ಬಟ್ಟೆಯಲ್ಲಿ ಸೋಸಿ ನೋಡಿ. ಕೆಂಪು ಪುಡಿ ಇದ್ದರೆ ತುಕ್ಕು, ಬಿಳಿ ಪುಡಿ ಇದ್ದರೆ ಸುಣ್ಣ ಅಥವಾ ಸವೆದ ಅಲ್ಯುಮಿನಿಯಂ, ಕಪ್ಪು ಚೂರು ಇದ್ದರೆ ಹೋಸ್ ಒಳಗಿಂದ ಕಿತ್ತು ಬರುತ್ತಿದೆ. ಮುಂದಿನ ರೇಸಿಗೆ ತಿಂಗಳುಗಳಿದ್ದರೆ ಕೂಲೆಂಟ್ ತುಂಬಿಡಿ. ರೇಡಿಯೇಟರಿನ ಫಿನ್‌ಗಳ ಮಧ್ಯೆ ಧೂಳು, ಹತ್ತಿಯ ಎಳೆ, ಭತ್ತದ ಹೊಟ್ಟು ಸಿಕ್ಕಿರುತ್ತವೆ. ಇಂಜಿನ್ ಕಡೆಯಿಂದ ಗ್ರಿಲ್ ಕಡೆಗೆ ಸಣ್ಣ ಪೈಪಿನಲ್ಲಿ ನೀರು ಬಿಟ್ಟು ತೊಳೆಯಿರಿ. ವಾಟರ್ ಸರ್ವೀಸಿನ ಗನ್ ಹೊಡೆದರೆ ಫಿನ್ ಮಡಚಿಕೊಳ್ಳುತ್ತದೆ. ಮಡಚಿದ್ದನ್ನು ಹಳೆ ಟೂತ್‌ಬ್ರಶ್ ಹಿಡಿಯ ತುದಿಯಿಂದ ಒಂದೊಂದೇ ಬಿಡಿಸಿ. ನಮ್ಮ ಶೆಡ್ಡಿನಲ್ಲಿ ಇದಕ್ಕೆ ಒಂದು ಭಾನುವಾರ ಬೆಳಗ್ಗೆ ಪೂರ್ತಿ ಹೋಗುತ್ತದೆ.